ನಾಲ್ಕನೆಯ ಕೇಬಲ್ ಸತ್ತದ್ದು ಯಾವಾಗ?

"ಇದನ್ನ ಕತ್ತರಿಸಿದ್ದಕ್ಕೇ ನಿಮ್ಮೂರು ಕತ್ತಲಲ್ಲಿರೋದು. ಇನ್ನೆಷ್ಟು ಸಲ ಹೇಳ್ಬೇಕು ಸಾರ್ಜೆಂಟ್?"

ವಿದ್ಯುತ್ ಇಲಾಖೆಯ ಎಂಜಿನಿಯರ್ ತರಿಮೊ ಆ ತುಂಡನ್ನು ನನ್ನ ಮೇಜಿನ ಮೇಲೆ ದಡ್ ಎಂದು ಕುಕ್ಕಿದರು. ಮೊಳದುದ್ದದ ಕೇಬಲ್ ತುಂಡು, ನನ್ನ ತೋಳಿನಷ್ಟು ದಪ್ಪ. ಚಹಾದ ಲೋಟ ಉರುಳಿ, ನಾನು ಎರಡು ದಿನ ಕೂತು ಬರೆದುಕೊಂಡಿದ್ದ ಹೇಳಿಕೆಗಳ ಮೇಲೆಲ್ಲ ಹರಿಯಿತು. ಹರಿದರೆ ಹರಿಯಲಿ. ಮೂವತ್ತೊಂದು ಜನರ ಹೇಳಿಕೆಯಲ್ಲಿ ಇದ್ದದ್ದು ಒಂದೇ ಮಾತು: ನನಗೆ ಗೊತ್ತಿಲ್ಲ.

ನಮ್ಮ ಮ್ವಾಂಬಾನಿ ದ್ವೀಪಕ್ಕೆ ಕರೆಂಟ್ ಹೋಗಿ ಅಂದಿಗೆ ಹನ್ನೆರಡು ದಿನ. ಐಸ್ ಕಾರ್ಖಾನೆ ನಿಂತು ದಡದಲ್ಲಿ ಮೀನು ನಾರುತ್ತಿತ್ತು. ಆಸ್ಪತ್ರೆಯ ಫ್ರಿಜ್ಜಿನಲ್ಲಿದ್ದ ಲಸಿಕೆಗಳು ಕೆಟ್ಟವು. ನೀರಿನ ಪಂಪು ನಿಂತು, ಹೆಂಗಸರು ಮಸೀದಿಯ ಹಳೆಯ ಬಾವಿಯ ಮುಂದೆ ಸಾಲುಗಟ್ಟಿ ಜಗಳವಾಡುತ್ತಿದ್ದರು. ಆ ಜಗಳ ಬಿಡಿಸುವುದೂ ನನ್ನ ಕೆಲಸವೇ.

ನನಗೆ ಸಿಟ್ಟು ಬಂದದ್ದು ಕತ್ತಲಿಗಲ್ಲ. ಮೂವತ್ತೆಂಟು ವರ್ಷದಿಂದ ಸಮುದ್ರದ ತಳದಲ್ಲಿ ಬಿದ್ದಿರುವ ನಮ್ಮ ಕೇಬಲ್‌ಗಳನ್ನು ತೆಗೆದು ಹೊಸದು ಹಾಕಲು ಸರ್ಕಾರ ಈ ವರ್ಷ ನೆರವು ಕೊಡುತ್ತೇನೆಂದು ಒಪ್ಪಿತ್ತು. ಹತ್ತು ವರ್ಷ ಅರ್ಜಿ ಕೊಟ್ಟು, ಮಂತ್ರಿಗಳ ಮನೆ ಬಾಗಿಲು ಸವೆಸಿ ಪಡೆದ ಒಪ್ಪಿಗೆ. ತರಿಮೊ ತಮ್ಮ ವರದಿಯಲ್ಲಿ 'ಕೇಬಲ್ ಹಳತಾಗಿ ಕೆಟ್ಟಿದೆ' ಎಂದು ಬರೆದರೆ ಹೊಸ ಕೇಬಲ್ ಬರುತ್ತದೆ. 'ಊರವರೇ ಹಾಳು ಮಾಡಿದರು' ಎಂದು ಬರೆದರೆ ನೆರವು ಪಕ್ಕದ ದ್ವೀಪಕ್ಕೆ ಹೋಗುತ್ತದೆ. ವರದಿ ಸಂಜೆ ನಾಲ್ಕರ ದೋಣಿಯಲ್ಲಿ ಹೋಗಬೇಕು, ನಾಳೆ ಇಲಾಖೆಯಲ್ಲಿ ಪಟ್ಟಿ ಮುಚ್ಚುತ್ತಾರೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ.

"ಗರಗಸದ ಹಲ್ಲಿನ ಗುರುತು ನೋಡಿ" ಎಂದರು ತರಿಮೊ. "ಈ ಕಡೆ ತುದಿ ನಮ್ಮ ಮುಳುಗುಗಾರರು ಕೊಯ್ದು ತಂದಿದ್ದು. ಆ ಕಡೆ ತುದಿ ನಿಮ್ಮವರದ್ದು. ಗರಗಸ ಸಿಕ್ಕಿದೆ, ಮನುಷ್ಯನೂ ಸಿಕ್ಕಿದಾನೆ. ಬಾಯಿ ಬಿಡ್ಸೋಕೆ ಇನ್ನೂ ಎಷ್ಟು ದಿನ ಬೇಕು ನಿಮಗೆ?"

ಮನುಷ್ಯ ಅಲ್ಲೇ ಇದ್ದ, ಕಂಬಿಗಳ ಹಿಂದೆ. ನಮ್ಮ ಠಾಣೆ ಅಂದರೆ ಒಂದೇ ಕೋಣೆ, ಅದರ ಮೂಲೆಗೆ ಕಂಬಿ ಹಾಕಿದರೆ ಅದೇ ಲಾಕಪ್ಪು. ಒಳಗೆ ಫಾಕಿ ಗೋಡೆಗೆ ಒರಗಿ ಕೂತಿದ್ದ. ಆಕ್ಟೋಪಸ್ ಹಿಡಿಯಲು ಮುಳುಗುವವರಲ್ಲಿ ಈ ದ್ವೀಪದಲ್ಲಿ ಅವನನ್ನು ಮೀರಿಸಿದವರಿಲ್ಲ. ಅವನ ಮೀನುಬುಟ್ಟಿಗಳಿಗೆ ಬಿಗಿದಿದ್ದ ಉಕ್ಕಿನ ತಂತಿ ಈ ಕೇಬಲ್ಲಿನ ಹೊರಕವಚದ್ದೇ. ಅವನು ನನ್ನ ಹೆಂಡತಿಯ ಚಿಕ್ಕಮ್ಮನ ಮಗ ಅನ್ನುವುದು ಬೇರೆ ಮಾತು. ಅಲ್ಲ, ಬೇರೆ ಮಾತೇನೂ ಅಲ್ಲ. ಎರಡು ದಿನದಿಂದ ನನಗೆ ಊಟ ಸೇರುತ್ತಿಲ್ಲ.

ಎರಡು ದಿನದಿಂದ ಅವನು ಒಂದು ಮಾತೂ ಆಡಿರಲಿಲ್ಲ. ನಾನು ಗದರಿಸಿದೆ, ಬೇಡಿದೆ, ಕೊನೆಗೆ ಕೂತು ಸುಮ್ಮನೆ ಬೈದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

"ಅಳಿಯಂದ್ರೇ, ಖೈದಿಗೆ ಊಟ ಹಾಕ್ಬಹುದೋ, ಅದಕ್ಕೂ ಸರ್ಕಾರದ ಅಪ್ಪಣೆ ಬೇಕೋ?"

ಬಾಗಿಲಲ್ಲಿ ಬೀ ಕಿಡಾವಾ ನಿಂತಿದ್ದಳು, ಫಾಕಿಯ ತಾಯಿ. ಕೈಯಲ್ಲಿ ತೆಂಗಿನ ಹಾಲಲ್ಲಿ ಬೇಯಿಸಿದ ಮರಗೆಣಸಿನ ಪಾತ್ರೆ. ಮದುವೆಯಾಗಿ ಇಲ್ಲಿಗೆ ಬಂದು ಹದಿನಾಲ್ಕು ವರ್ಷವಾದರೂ ಈ ಊರಿಗೆ ನಾನು ಸಾರ್ಜೆಂಟ್ ಜೆಚಾ ಅಲ್ಲ, ಅಳಿಯ. ಅಳಿಯನಿಗೆ ಮರ್ಯಾದೆ ಕೊಡುತ್ತಾರೆ, ಗುಟ್ಟು ಕೊಡುವುದಿಲ್ಲ.

"ಹಾಕು ಚಿಕ್ಕಮ್ಮ. ಹಾಗೇ ನಿನ್ನ ಮಗನ ಬಾಯಿಗೆ ಒಂದೆರಡು ಮಾತೂ ಹಾಕು."

"ಅವನ ಬಾಯಿ ಅವನ್ದು. ನಾನು ಹೆತ್ತಿದೀನಿ, ಅಷ್ಟೆ."

ಅವಳು ಪಾತ್ರೆಯನ್ನು ಕಂಬಿಯ ಸಂದಿಯಲ್ಲಿ ತಳ್ಳಿ ತಿರುಗಿದಳು. ಮೇಜಿನ ಮೇಲಿದ್ದ ತುಂಡು ಕಣ್ಣಿಗೆ ಬಿತ್ತು. ತರಿಮೊ ಬೇಡ ಅನ್ನುವಷ್ಟರಲ್ಲಿ ಎತ್ತಿ ಮೊಣಕಾಲಿನ ಮೇಲಿಟ್ಟುಕೊಂಡಿದ್ದಳು. ಕೊಯ್ದ ಮುಖದ ಮೇಲೆ ಹೆಬ್ಬೆರಳು ಆಡಿಸಿ, ಉಗುರಿನಿಂದ ಏನನ್ನೋ ಕೆರೆದಳು.

"ಇದನ್ನ ಕೊಯ್ದಿದ್ದು ಯಾವಾಗ ಅಂತಾರೆ ಇವ್ರು?"

"ಹನ್ನೆರಡು ದಿನದ ಹಿಂದೆ" ಎಂದೆ ನಾನು.

ಬೀ ಕಿಡಾವಾ ನಕ್ಕಳು. ಮುಂದಿನ ಎರಡು ಹಲ್ಲಿಲ್ಲದ ಆ ನಗು ನೋಡಿ ನನಗೆ ಮೈ ಉರಿಯಿತು.

"ನಗೋದೇನು ಚಿಕ್ಕಮ್ಮ? ನಿನ್ನ ಮಗ ಜೈಲಿಗೆ ಹೋಗ್ತಾನೆ."

"ಇಲ್ಲಿ ನೋಡು. ನಡುವೆ ತಾಮ್ರ. ತಾಮ್ರದ ಮೇಲೆ ಚಿಪ್ಪು ಕೂರಲ್ಲ, ಅದಕ್ಕೆ ವಿಷ. ಅದ್ರ ಸುತ್ತ ಕಪ್ಪು ರಬ್ಬರಿದೆಯಲ್ಲ, ಅದ್ರ ಮೇಲೆ ನೋಡು. ಕೊಯ್ದ ಬಾಯ ಮೇಲೇ ಕೂತಿದೆ."

ನೋಡಿದೆ. ಬಿಳಿ ಚಿಪ್ಪುಗಳು, ನಾಲ್ಕೈದು, ನನ್ನ ಕಿರುಬೆರಳಿನ ಉಗುರಿನಷ್ಟು. ಎರಡು ದಿನದಿಂದ ಇದೇ ತುಂಡನ್ನು ನೋಡುತ್ತಿದ್ದೆ. ಸಮುದ್ರದಿಂದ ಬಂದ ವಸ್ತುವಿಗೆ ಚಿಪ್ಪು ಅಂಟಿರುವುದು ಸಹಜ ಎಂದು ಬಿಟ್ಟಿದ್ದೆ. ಕೊಯ್ದ ಮೇಲಲ್ಲದೆ ಕೊಯ್ದ ಮುಖದ ಮೇಲೆ ಚಿಪ್ಪು ಹುಟ್ಟುವುದು ಹೇಗೆ ಎಂದು ನನ್ನ ಬುದ್ಧಿಗೆ ಹೊಳೆದಿರಲಿಲ್ಲ.

"ಇಪ್ಪತ್ತಾರು ವರ್ಷದಿಂದ ಮಾರೋಕೆ ಕಡಲಪಾಚಿ ಬೆಳೀತಿದೀನಿ" ಎಂದಳು ಅವಳು. "ಪಾಚಿ ಕಟ್ಟೋ ಗೂಟಗಳ ಮೇಲಿನ ಚಿಪ್ಪು ಕೆರೆದು ಕೆರೆದು ನನ್ನ ಬೆರಳು ಹೀಗಾಗಿರೋದು. ಇಷ್ಟು ದೊಡ್ಡದಾಗ್ಬೇಕಾದ್ರೆ ಎರಡು ಮಳೆಗಾಲ ಬೇಕು. ಹನ್ನೆರಡು ದಿನವಂತೆ!"

"ಚಿಪ್ಪಿನ ಸಾಕ್ಷಿ ನನ್ನ ವರದೀಲಿ ಬರಲ್ಲ ಅಮ್ಮ" ಎಂದು ತರಿಮೊ ತುಂಡನ್ನು ಕಿತ್ತುಕೊಂಡರು.

ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಅದು ನನಗೆ ಆಗಲೇ ತಟ್ಟಬೇಕಿತ್ತು, ತಟ್ಟಲಿಲ್ಲ. ಎರಡು ದಿನದಲ್ಲಿ ಮೊದಲ ಸಲ ಒಂದು ಎಳೆ ಸಿಕ್ಕಿತೆಂಬ ಸಂಭ್ರಮದಲ್ಲಿ ನಾನು ಟೋಪಿ ಹಾಕಿಕೊಂಡು ಬೀ ಕಿಡಾವಾಳ ಹಿಂದೆ ಹೊರಟೆ.

ಹುಣ್ಣಿಮೆ ಕಳೆದು ಎರಡು ದಿನ. ದೊಡ್ಡ ಇಳಿತ. ಹತ್ತು ಗಂಟೆಗೆ ನೀರು ಅರ್ಧ ಮೈಲಿ ಹಿಂದೆ ಸರಿದು, ಹವಳದ ಬಯಲು ಬಿಸಿಲಿಗೆ ಬಿದ್ದಿತ್ತು. ಹೆಂಗಸರು ಮೊಣಕಾಲು ನೀರಲ್ಲಿ ಬಗ್ಗಿ ಪಾಚಿ ಕಟ್ಟುತ್ತಿದ್ದರು. ನನ್ನನ್ನು ಕಂಡ ಕೂಡಲೇ ಹಾಡು ನಿಲ್ಲಿಸಿದರು.

ಕೇಬಲ್‌ಗಳು ದಡ ಹತ್ತುವ ಜಾಗ ಅಲ್ಲೇ. ಮರಳಿನಲ್ಲಿ ಹೂತು, ಅಲ್ಲಲ್ಲಿ ಎದ್ದು, ಆಳದ ಕಡೆ ಹೋಗುತ್ತಿದ್ದವು. ಎಣಿಸಿದೆ. ನಾಲ್ಕು.

"ನಾಲ್ಕಾ?"

"ಮೂರು ಮತ್ತೊಂದು" ಎಂದಳು ಬೀ ಕಿಡಾವಾ. "ನಾವು ಹಾಗೇ ಅನ್ನೋದು. ಮೂರು ಹಾಡೋವು, ಒಂದು ಹೆಣ."

ಅವಳು ಒಂದು ದೋಣಿಯ ಗಳ ಇಸಿದುಕೊಂಡು ಅದರ ಒಂದು ತುದಿಯನ್ನು ಕೇಬಲ್ ಮೇಲೆ ಊರಿದಳು. ಇನ್ನೊಂದು ತುದಿಯನ್ನು ನನ್ನ ಕಿವಿಗೆ ಒತ್ತಿದಳು. ಏನೂ ಕೇಳಲಿಲ್ಲ.

"ಈಗ ಯಾವುದೂ ಹಾಡಲ್ಲ ಬಿಡು. ಕರೆಂಟಿದ್ದಾಗ ಹೀಗಿಟ್ಟರೆ ಜೇನುಹುಳದ ಥರ ಗುಂಯ್ ಅಂತಿತ್ತು. ನಮ್ಮ ಗಂಡಸ್ರು ಲಂಗರು ಹಾಕೋ ಮುಂಚೆ ಗಳ ಇಟ್ಟು ಕೇಳೋರು. ಹಾಡೋದ್ರ ಹತ್ರ ಲಂಗರು ಹಾಕ್ಬಾರ್ದು, ಸುಟ್ಟು ಹೋಗ್ತಾರೆ. ಈ ನಾಲ್ಕನೇದು ನಾನು ಮದ್ವೆಯಾಗಿ ಬಂದಾಗಿಂದ್ಲೂ ಹಾಡಿಲ್ಲ. ಅದಕ್ಕೇ ಹೆಣ ಅನ್ನೋದು."

ನಾಲ್ಕನೆಯದರ ಜಾಡು ಹಿಡಿದು ಹವಳದ ಅಂಚಿನವರೆಗೆ ಹೋದೆ. ಬೂಟಿನೊಳಗೆ ನೀರು ತುಂಬಿ, ಮುಳ್ಳುಚೆಂಡಿನಂಥ ಕಡಲಜೀವಿಯೊಂದು ಮೀನಖಂಡಕ್ಕೆ ಚುಚ್ಚಿ, ಬಾಯಿಗೆ ಬಂದದ್ದನ್ನೆಲ್ಲ ಬೈದುಕೊಂಡು ಹೋದೆ. ಅಂಚಿನಿಂದ ಕೆಳಗೆ, ತಿಳಿನೀರಿನಲ್ಲಿ, ಮೂರು ಕೇಬಲ್‌ಗಳು ಆಳಕ್ಕೆ ಇಳಿದು ಮಾಯವಾಗಿದ್ದವು. ನಾಲ್ಕನೆಯದು ಒಂದಾಳು ಆಳದಲ್ಲಿ ಮೊಂಡಾಗಿ ನಿಂತಿತ್ತು.

ಅಂದರೆ ಕೊಯ್ದದ್ದು ಹೆಣವನ್ನು. ಹಾಡುವ ಮೂರನ್ನು ಯಾರೂ ಮುಟ್ಟಿಲ್ಲ!

"ಚಿಕ್ಕಮ್ಮ, ನೀನು ನನಗೆ ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ?" ಎಂದು ಕೂಗಿದೆ. ಖುಷಿಯೂ ಸಿಟ್ಟೂ ಒಟ್ಟಿಗೇ ಬಂದಿತ್ತು. "ಇದೊಂದು ಮಾತಿಂದ ನಿನ್ನ ಮಗ ಮೊನ್ನೇನೇ ಮನೆಗೆ ಬರ್ತಿದ್ದ! ಹೆಣ ಅಂತ ಗೊತ್ತಿದ್ದೇ ಕೊಯ್ದ್ರಾ? ಯಾರು ಹೇಳಿದ್ರು, ಕೊಯ್ಯಿ ಅಂತ?"

ಅವಳು ಮುಖ ಬಿಗಿದುಕೊಂಡಳು.

"ಹೇಳೋರು ಹೇಳಿದ್ರು."

"ಹೇಳೋರು ಅಂದ್ರೆ?"

"ಬಿಸ್ಲು ಜಾಸ್ತಿ ಆಯ್ತು. ನಂಗೆ ಉತ್ತರದ ಹಳ್ಳಿಗೆ ಒಂದು ಮಾತು ಹೇಳಿ ಕಳಿಸ್ಬೇಕು" ಎಂದು ಗಳವನ್ನು ಹೆಗಲಿಗೇರಿಸಿ ಹೊರಟೇಹೋದಳು. ಉತ್ತರದ ಹಳ್ಳಿಯಲ್ಲಿ ನನ್ನ ಹೆಂಡತಿ ಝುವೇನಾ ಇದ್ದಳು. ಅವಳು ಈ ದ್ವೀಪದ ಒಬ್ಬಳೇ ಸೂಲಗಿತ್ತಿ ನರ್ಸು. ಕಷ್ಟದ ಹೆರಿಗೆಯೊಂದಕ್ಕೆ ಹೋಗಿ ಮೂರು ದಿನವಾಗಿತ್ತು. ಫೋನು ಚಾರ್ಜಿಲ್ಲದೆ ಸತ್ತು, ಅವಳ ಸುದ್ದಿಯೂ ಇರಲಿಲ್ಲ. ಅವಳಿದ್ದಿದ್ದರೆ ಈ ಊರಿನ ಬಾಯಿಯ ಬೀಗ ತೆಗೆಸುತ್ತಿದ್ದಳು ಎಂದು ಎರಡು ದಿನದಲ್ಲಿ ಹತ್ತು ಸಲವಾದರೂ ಅಂದುಕೊಂಡಿದ್ದೆ.

ದಾರಿಯಲ್ಲಿ ಬಾವಿಯ ಜಗಳ ಬಿಡಿಸಿ ಠಾಣೆಗೆ ಬಂದಾಗ ಎರಡೂವರೆ. ತರಿಮೊ ಕಿತ್ತಳೆ ಸುಲಿಯುತ್ತಿದ್ದರು. ನಾನು ಒದ್ದೆ ಬೂಟಿನಲ್ಲೇ ಒಳಗೆ ನುಗ್ಗಿದೆ.

"ಬರೀರಿ ಎಂಜಿನಿಯರ್ ಸಾಹೇಬ್ರೇ, ಹಳತಾಗಿ ಕೆಟ್ಟಿದೆ ಅಂತ ಬರೀರಿ. ನೀವು ತಂದ ತುಂಡು ನಾಲ್ಕನೇ ಕೇಬಲ್‌ದು. ಅದ್ರಲ್ಲಿ ಕರೆಂಟ್ ಹರೀತಾನೇ ಇರ್ಲಿಲ್ಲ, ಯಾವತ್ತೂ ಸದ್ದು ಮಾಡಿಲ್ಲ. ಕೊಯ್ದು ವರ್ಷದ ಮೇಲಾಗಿದೆ. ಹನ್ನೆರಡು ದಿನದ ಹಿಂದೆ ದೀಪ ಆರೋಕೆ ಅದು ಕಾರಣ ಆಗೋಕೆ ಸಾಧ್ಯಾನೇ ಇಲ್ಲ."

"ಮುಗೀತಾ?"

"ಮುಗೀತು."

"ಎರಡನೇ ಕೇಬಲ್ ಹಳತಾಗಿ ಸೀಳಿದೆ. ಅದು ನಂಗೆ ಬಂದ ದಿನಾನೇ ಗೊತ್ತು" ಎಂದು ತರಿಮೊ ಒಂದು ತೊಳೆ ಬಾಯಿಗೆ ಹಾಕಿಕೊಂಡರು.

"ಗೊತ್ತಿದ್ದೂ ಈ ತುಂಡು ತಂದು ಕುಕ್ತಿದೀರಾ?"

"ನಾನು ದೀಪ ಆರಿದ್ದು ಇದ್ರಿಂದ ಅಂದ್ನಾ? ನೀವು ಕತ್ತಲಲ್ಲಿರೋದು ಇದ್ರಿಂದ ಅಂದೆ." ಅವರು ಚೀಲದಿಂದ ಹಳದಿಯಾದ ನಕ್ಷೆಯೊಂದನ್ನು ತೆಗೆದು ಹರಡಿದರು. "ಹಾಕಿದ ವರ್ಷದ ನಕ್ಷೆ. ಎಣಿಸಿ. ಕರೆಂಟ್ ಬರೋಕೆ ಮೂರು ಬೇಕು. ನಾಲ್ಕನೇದನ್ನ ಯಾಕೆ ಹಾಕಿದ್ರು ಅಂದ್ಕೊಂಡ್ರಿ, ಚಂದಕ್ಕಾ?"

ನಾನು ನಕ್ಷೆಯ ಗೆರೆಗಳನ್ನು ಬೆರಳಿಟ್ಟು ಎಣಿಸಿದೆ. ನಾಲ್ಕು.

"ಬದಲಿ ಸಾರ್, ಬದಲಿ. ಮೂರ್ರಲ್ಲಿ ಒಂದು ಕೈ ಕೊಟ್ರೆ ಅದ್ರ ಜಾಗಕ್ಕೆ ಜೋಡಿಸೋಕೆ. ಅದಿದ್ದಿದ್ರೆ ಅರ್ಧ ದಿನದ ಕೆಲ್ಸ. ಅವತ್ತು ಸಂಜೇನೇ ನಿಮ್ಮ ಫ್ಯಾನು ತಿರುಗ್ತಿತ್ತು. ಸದ್ದು ಮಾಡ್ತಿರ್ಲಿಲ್ಲ, ಯಾಕಂದ್ರೆ ಅದಕ್ಕೆ ಕೆಲ್ಸ ಬಂದಿರ್ಲಿಲ್ಲ. ನಿಮ್ಮ ಜನ ಅದನ್ನೇ ಕೊಯ್ದು ತಾಮ್ರ ಮಾಡ್ಕೊಂಡ್ರು."

ಕುರ್ಚಿ ಎಲ್ಲಿದೆ ಎಂದು ನೋಡದೆಯೇ ಕೂತೆ. ಮೂವತ್ತೆಂಟು ವರ್ಷ ಗಳ ಹಿಡಿದು ಕೇಳಿದ ಜನ! ಅಷ್ಟು ಜಾಣತನದಿಂದ ಇಷ್ಟು ದೊಡ್ಡ ದಡ್ಡತನ ಮಾಡುವುದಕ್ಕೆ ಈ ದ್ವೀಪದವರಿಗೇ ಸಾಧ್ಯ. ಯಾರ ಮೇಲೆ ಕೂಗಾಡಲಿ?

"ಬದಲಿನಾ?"

ಕಂಬಿಗಳ ಹಿಂದಿನಿಂದ ಬಂದ ದನಿ. ಫಾಕಿ ಎದ್ದು ನಿಂತಿದ್ದ. ಎರಡು ದಿನದಲ್ಲಿ ಅವನ ಮೊದಲ ಮಾತು ಅದು.

"ಬದಲಿ ಅಂತ ಯಾರೂ ಹೇಳ್ಲಿಲ್ವಲ್ಲ!"

"ಕೇಳಿದ್ಯಾ ನೀನು?" ಎಂದರು ತರಿಮೊ.

"ಕೇಳಿ..." ಎಂದವನು ತಟ್ಟನೆ ಬಾಯಿ ಮುಚ್ಚಿದ.

ತರಿಮೊ ಕಿತ್ತಳೆ ಬದಿಗಿಟ್ಟು ಕಂಬಿಯ ಹತ್ತಿರ ಹೋದರು. "ನೋಡು ತಮ್ಮ, ನಾನೂ ರಾಕ್ಷಸ ಅಲ್ಲ. ನಿಯಮ ಹೀಗಿದೆ. ಊರೇ ಸೇರಿ ಹಾಳು ಮಾಡ್ತು ಅಂತಾದ್ರೆ ನೆರವು ಹೋಯ್ತು. ಯಾರೋ ಒಬ್ರು ಮಾಡ್ಸಿದ್ದು ಅಂತಾದ್ರೆ ಅವ್ರ ಮೇಲೆ ಕೇಸು, ಊರಿಗೆ ಹೊಸ ಕೇಬಲ್ಲು. ಸಮುದ್ರದ ಕೆಳಗಿರೋ ಕರೆಂಟ್ ಕೇಬಲ್‌ಗೆ ಯಾರೂ ಸುಮ್‌ಸುಮ್ನೆ ಗರಗಸ ಹಾಕಲ್ಲ. ಸತ್ತಿದೆ, ಭಯ ಇಲ್ಲ ಅಂತ ಯಾರೋ ಖಾತ್ರಿ ಕೊಟ್ಟಿದಾರೆ. ಅವ್ರ ಹೆಸ್ರು ಹೇಳು. ಒಂದು ಹೆಸ್ರು, ಅಷ್ಟೆ."

"ಗರಗಸ ಹಿಡಿದಿದ್ದು ನಾನು. ನನ್ ಹೆಸ್ರೇ ಬರ್ಕೊಳಿ."

"ನೀನು ಕೈ. ನಂಗೆ ಬಾಯಿ ಬೇಕು."

ಗಂಟೆ ಮೂರು ದಾಟಿತ್ತು. ನೀರು ಏರುತ್ತಿತ್ತು, ದೋಣಿಯವರು ಸಾಮಾನು ಹತ್ತಿಸುವ ಕೂಗು ಕೇಳುತ್ತಿತ್ತು. ನಾನು ಎದ್ದು ಹೋಗಿ ಎರಡೂ ಕೈಯಲ್ಲಿ ಕಂಬಿ ಹಿಡಿದೆ.

"ಫಾಕಿ, ಹದಿನಾಲ್ಕು ವರ್ಷ ಈ ಊರಿನ ಉಪ್ಪು ತಿಂದಿದೀನಿ. ಒಬ್ಬನೂ ನನ್ನ ಹತ್ರ ಒಂದು ನಿಜ ಹೇಳ್ಲಿಲ್ಲ. ಮೂವತ್ತೊಂದು ಮನೆ ಬಾಗಿಲು ತಟ್ಟಿದೀನಿ, ನಾಯಿಗೆ ಹಾಕೋ ಹಾಗೆ 'ಗೊತ್ತಿಲ್ಲ' ಅಂತ ಹಾಕಿದಾರೆ. ನಾನೇನು ಶತ್ರುನಾ ನಿಮ್ಗೆ? ಇನ್ನೊಂದು ಗಂಟೇಲಿ ನಿಮ್ಮ ಮಕ್ಕಳ ದೀಪ ಪಕ್ಕದ ದ್ವೀಪಕ್ಕೆ ಹೋಗತ್ತೆ ಕಣೋ! ಯಾವನಿಗೋಸ್ಕರ ಬಾಯಿ ಮುಚ್ಕೊಂಡಿದೀಯ?"

"ಭಾವಾ, ಬೇಡ."

"ಏನು ಬೇಡ?"

"ನೀನು ಕೇಳ್ಬೇಡ. ಬೇರೆ ಯಾರಾದ್ರೂ ಪೊಲೀಸ್ರು ಬಂದು ಕೇಳ್ಲಿ."

"ಇಲ್ಲಿ ಪೊಲೀಸು ಅಂದ್ರೆ ನಾನೇ! ಹೇಳು!"

ಅವನು ನನ್ನ ಮುಖ ನೋಡಲಿಲ್ಲ. ನನ್ನ ಕೈಗಳನ್ನು ನೋಡುತ್ತ ಮೆಲ್ಲಗೆ ಮಾತಾಡಿದ.

"ನೀನು ಆ ವರ್ಷ ಟ್ರೈನಿಂಗ್‌ಗೆ ಅಂತ ಪಟ್ಟಣಕ್ಕೆ ಹೋಗಿದ್ದೆ ನೋಡು, ಆವಾಗ. ದಕ್ಷಿಣ ಕೇರೀಲಿ ಇಬ್ರು ಬಸುರಿಯರು ಹೋಗ್ಬಿಟ್ರು, ಒಂದೇ ವಾರದಲ್ಲಿ. ಹಾಯಿದೋಣೀಲಿ ಆ ದಡ ಮುಟ್ಟೋ ಮುಂಚೆ. ಆಸ್ಪತ್ರೆ ದೋಣಿಗೆ ಎಂಜಿನ್ ಕೊಡಿ ಅಂತ ಎಷ್ಟು ಬರೆದ್ರೂ ಸರ್ಕಾರ ಕೊಡ್ಲಿಲ್ಲ. ಆಗ ಊರಲ್ಲಿ ಹೆಣದ ಮಾತು ಬಂತು. ಅದ್ರಲ್ಲಿ ತಾಮ್ರ ಇದೆ, ತಾಮ್ರ ಕೊಟ್ರೆ ಎಂಜಿನ್ ಬರತ್ತೆ ಅಂತ. ಆದ್ರೆ ನಂಗೆ ಭಯ. ಗಳ ಇಟ್ಟು ನಾನು ಕೇಳ್ದೆ, ನಮ್ಮಪ್ಪ ಕೇಳ್ದ. ಆದ್ರೂ ಧೈರ್ಯ ಬರ್ಲಿಲ್ಲ. ನಮ್ಮೂರಲ್ಲಿ ಮನುಷ್ಯ ಸತ್ರೂ ನಾವ್ಯಾರೂ ಸತ್ತ ಅನ್ನಲ್ಲ ಭಾವಾ. ಅನ್ನೋರು ಬಂದು ಕಿವಿ ಇಟ್ಟು ಕೇಳಿ, ಅವ್ರು ಅಂದ್ಮೇಲೇ ಅಳೋದು. ನಿಂಗೆ ಗೊತ್ತಲ್ಲ."

ಗೊತ್ತಿತ್ತು. ನಮ್ಮ ಮಾವ ಸತ್ತಾಗ ಮನೆ ತುಂಬ ಜನ ಉಸಿರು ಬಿಗಿಹಿಡಿದು ಕೂತಿದ್ದು, ಅವಳು ಎದೆಯ ಮೇಲಿಂದ ಕಿವಿ ಎತ್ತಿದ ಮೇಲೆಯೇ ಅಳು ಎದ್ದದ್ದು, ನಾನೇ ಕಂಡಿದ್ದೆ.

"ದೋಣೀಲಿ ಕರ್ಕೊಂಡು ಹೋದ್ವಿ" ಎಂದ ಫಾಕಿ. "ಹೊಟ್ಟೇಲಿರೋ ಮಗೂನ ಎದೆಬಡಿತ ಕೇಳ್ತಾರಲ್ಲ, ಆ ಮರದ ಕೊಳವೆ, ಅದನ್ನ ಗಳದ ತುದಿಗಿಟ್ಟು ಕೇಳಿದ್ರು. ಎಷ್ಟೊತ್ತು ಕೇಳಿದ್ರು ಅಂತೀಯ! ಮೂರು ವಾರ ಬಿಟ್ಟು ಮತ್ತೆ ಬಂದು ಕೇಳಿದ್ರು. ಆಮೇಲೆ ಸತ್ತಿದೆ ಅಂದ್ರು."

"ಯಾರದು?" ಎಂದು ತರಿಮೊ ಪೆನ್ನಿನ ಮುಚ್ಚಳ ತೆಗೆದರು. "ಹೆಸ್ರು?"

ಫಾಕಿ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಮೂವತ್ತೊಂದು ಮನೆಯವರು ನನ್ನ ಮುಖದ ಮೇಲೆ ಬಾಗಿಲು ಹಾಕಿರಲಿಲ್ಲ. ನನ್ನ ಮನೆಯ ಬಾಗಿಲು ಕಾಯ್ದಿದ್ದರು. ಅಷ್ಟನ್ನು ತಿಳಿಯಲಾರದೆ ಎರಡು ದಿನ ಅವರನ್ನು ಬೈದಿದ್ದೆನಲ್ಲ ಎಂದು ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ನೋವೂ ಬಂತು. ಇಡೀ ಊರಿಗೆ ಗೊತ್ತಿದ್ದ ಮಾತನ್ನು ಅವಳು ನನಗೊಬ್ಬನಿಗೆ ಹೇಳಿರಲಿಲ್ಲ. ಎಂಜಿನ್ ಯಾರೋ ದಾನಿಗಳು ಕೊಟ್ಟದ್ದು ಎಂದಿದ್ದಳು, ನಾನು ನಂಬಿದ್ದೆ. ಪತ್ತೇದಾರನಂತೆ ನಾನು!

"ಹೆಸ್ರು ಝುವೇನಾ. ಆಸ್ಪತ್ರೆ ನರ್ಸು. ಬರ್ಕೊಳಿ."

ಬಾಗಿಲಲ್ಲಿ ಅವಳೇ ನಿಂತಿದ್ದಳು. ಹೆರಿಗೆ ಕೋಣೆಯಿಂದ ಎದ್ದು ಬಂದ ಹಾಗೇ ಇದ್ದಳು, ಅಂಗಿಯ ಮೇಲೆ ಒಣಗಿದ ಕಲೆ, ಕಂಕುಳಲ್ಲಿ ಆಸ್ಪತ್ರೆಯ ದಪ್ಪ ದಾಖಲೆ ಪುಸ್ತಕ. ಅವಳ ಹಿಂದೆ ಬೀ ಕಿಡಾವಾ ಏದುಸಿರು ಬಿಡುತ್ತಿದ್ದಳು.

"ಝುವೇನಾ..."

"ಹೆಣ್ಣು ಮಗು. ತಾಯಿ ಚೆನ್ನಾಗಿದಾಳೆ" ಎಂದಳು ನನಗೆ. ಆಮೇಲೆ ತರಿಮೊ ಕಡೆ ತಿರುಗಿದಳು. "ಬರ್ಕೊಳಿ, ಆದ್ರೆ ಪೂರ್ತಿ ಬರ್ಕೊಳಿ. ನಾನು ಬರೀ ಕಿವಿ ನಂಬೋಳಲ್ಲ. ಮೊದ್ಲನೇ ಸಲ ಕೇಳಿದ್ಮೇಲೆ ನಿಮ್ಮ ಇಲಾಖೆಗೆ ಕಾಗದ ಬರೆದಿದ್ದೆ. ನಾಲ್ಕನೇದೊಂದು ಕೇಬಲ್ ಇದೆ, ಅದು ನಿಮ್ದಾ, ಬೇಕಾ, ತೆಗೀಬಹುದಾ ಅಂತ. ನಿಮ್ಮ ದೋಣೀಲೇ ಉತ್ತರ ಬಂತು. ಬಂದ್ಮೇಲೇ ಎರಡನೇ ಸಲ ಹೋಗಿ ಕೇಳಿದ್ದು."

ಪುಸ್ತಕದೊಳಗಿಂದ ಮಡಿಚಿದ ಹಾಳೆಯೊಂದನ್ನು ತೆಗೆದು ಕೊಟ್ಟಳು. ತರಿಮೊ ಓದುವಾಗ ನಾನು ಅವರ ಹೆಗಲ ಮೇಲಿಂದ ಓದಿದೆ. ಎರಡೇ ಸಾಲು. 'ಸದರಿ ಮಾರ್ಗದಲ್ಲಿ ಇಲಾಖೆಗೆ ಸೇರಿದ ಕೇಬಲ್‌ಗಳು ಮೂರು ಮಾತ್ರ. ಬೇರೆ ಯಾವುದೇ ಕೇಬಲ್‌ಗೆ ಇಲಾಖೆ ಸಂಬಂಧಪಟ್ಟಿರುವುದಿಲ್ಲ.' ಕೆಳಗೆ ಮೊಹರು. ಮೊಹರಿನ ಮೇಲೆ ಸಹಿ.

ಆ ಸಹಿಯನ್ನು ನಾನು ಎರಡು ದಿನದಿಂದ ನೋಡುತ್ತಿದ್ದೆ. ಈ ಕೋಣೆಯಲ್ಲಿ, ಇದೇ ಮೇಜಿನ ಮೇಲೆ, ಇದೇ ಮನುಷ್ಯ ಹಾಕುತ್ತಿದ್ದ ಸಹಿ ಅದು.

ತರಿಮೊ ಕಾಗದವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು. ನಕ್ಷೆ ತೆಗೆದು ನೋಡುವಷ್ಟು ತಾಳ್ಮೆಯಿಲ್ಲದೆ ಹಾಕಿದ ಸಹಿ. ದಿನಕ್ಕೆ ನೂರು ಕಾಗದಕ್ಕೆ ಹಾಕುವ ಸಹಿ.

"ಇದರ ನಕಲಿದೆಯಾ?" ಎಂದರು ಕೊನೆಗೆ.

"ಈ ಊರಲ್ಲಿ ಜೆರಾಕ್ಸ್ ಎಲ್ಲಿದೆ ಸಾರ್? ಇರೋದು ಇದೊಂದೇ" ಎಂದಳು ಝುವೇನಾ, ನನ್ನ ಹುಚ್ಚು ಹೆಂಡತಿ, ಸುಳ್ಳು ಹೇಳಲು ಬಾರದವಳು.

ತರಿಮೊ ಕಾಗದವನ್ನು ನಾಲ್ಕಾಗಿ ಮಡಿಚಿ ತಮ್ಮ ಅಂಗಿಯ ಜೇಬಿಗೆ ಇಟ್ಟುಕೊಂಡರು. ಕೂತರು. ವರದಿಯ ಹಾಳೆ ಎಳೆದುಕೊಂಡು ಬರೆಯತೊಡಗಿದರು. ಬರೆದದ್ದನ್ನು ತಿರುಗಿಸಿ ನನ್ನ ಮುಂದೆ ಸರಿಸಿದರು. 'ಕೇಬಲ್‌ಗಳು ಹಳತಾಗಿ ಕೆಟ್ಟಿವೆ. ಬೇರೆ ಕಾರಣ ಕಂಡುಬಂದಿಲ್ಲ. ನೆರವಿಗೆ ಶಿಫಾರಸು ಮಾಡಲಾಗಿದೆ.' ಅದೇ ಸಹಿ.

"ತಗೊಳಿ. ನಿಮ್ಮೂರಿಗೆ ಹೊಸ ಕೇಬಲ್" ಎಂದರು. ದನಿ ಸಣ್ಣದಾಗಿತ್ತು. "ಈ ಹುಡುಗ ಮನೆಗೆ ಹೋಗ್ಲಿ. ನಿಮ್ಮ ಹೆಂಡ್ತಿ ಹೆಸ್ರು ಎಲ್ಲೂ ಬರಲ್ಲ. ತುಂಡನ್ನ ನಾನೇ ದಾರೀಲಿ ನೀರಿಗೆ ಹಾಕ್ತೀನಿ. ನೀವು ನಿಮ್ಮ ಹೇಳಿಕೆ ಹಾಳೆಗಳನ್ನ ಹರೀರಿ. ಈ ಕಾಗದ ಇರ್ಲೇ ಇಲ್ಲ ಅಂದ್ಕೊಳಿ. ಯಾರಿಗೆ ನಷ್ಟ ಹೇಳಿ?"

ಯಾರಿಗೂ ನಷ್ಟವಿರಲಿಲ್ಲ. ಹತ್ತು ವರ್ಷ ಕಾದ ಶಿಫಾರಸು ನನ್ನ ಕೈಯಳತೆಯಲ್ಲಿತ್ತು. ಹೊರಗೆ ದೋಣಿಯವನು ಶಂಖ ಊದಿದ. ಬೀ ಕಿಡಾವಾ ಮಗನ ಕಂಬಿಯನ್ನು ಹಿಡಿದು ನಿಂತಿದ್ದಳು.

"ನನ್ನ ಕಾಗದ ಕೊಡಿ" ಎಂದಳು ಝುವೇನಾ. ಅಂಗೈ ಚಾಚಿದಳು.

"ಅಮ್ಮಾ, ನಿಮ್ಮ ಒಳ್ಳೇದಕ್ಕೇ..."

"ನಾನು ಸತ್ತಿದೆ ಅಂದ್ರೆ ಈ ಊರು ಅಳತ್ತೆ, ಬದುಕಿದೆ ಅಂದ್ರೆ ನಗತ್ತೆ. ಯಾಕಂದ್ರೆ ಕೇಳ್ದೆ, ವಿಚಾರಿಸ್ದೆ ನಾನು ಅನ್ನಲ್ಲ. ನಾನು ವಿಚಾರಿಸಿದ್ದೆ ಅನ್ನೋಕೆ ಇರೋದು ಅದೊಂದೇ ಕಾಗದ. ಇಲ್ದೆ ಹೋದ್ರೆ ಇನ್ಮೇಲೆ ಈ ಊರು ನನ್ನ ಯಾವ ಮಾತು ನಂಬ್ಬೇಕು? ಕೊಡಿ."

"ಝುವೇನಾ, ಸುಮ್ನಿರು" ಎಂದೆ.

ಅಂದವನು ನಾನೇ. ಬಾಯಿಂದ ಹೊರಬಿದ್ದ ಮೇಲೆ ನನಗೇ ಕೇಳಿಸಿತು. ಫಾಕಿ ನನ್ನನ್ನು ನೋಡಿದ. ಬೀ ಕಿಡಾವಾ ನೆಲ ನೋಡಿದಳು. ತರಿಮೊ ಮಾತ್ರ ಹಾಯಾಗಿ ಕುರ್ಚಿಗೆ ಒರಗಿದರು.

ಝುವೇನಾ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅದನ್ನು ಹಾಗೇ ತರಿಮೊ ಕಡೆಯಿಂದ ನನ್ನ ಕಡೆಗೆ ತಿರುಗಿಸಿದಳು.

"ಅವ್ರು ಕೊಡಲ್ಲ. ಇಲ್ಲಿ ಪೊಲೀಸು ಅಂದ್ರೆ ನೀನೇ ತಾನೆ? ನೀನು ತಕ್ಕೊಡು."